ಅದು ಹಠವಲ್ಲ, ಹಲ್ಲುನೋವು

ಹೋದ ವರ್ಷ ಆಷಾಢದಲ್ಲಿ ನನ್ನ ತಮ್ಮ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಬಲಗೆನ್ನೆಗೆ ತಾನೇ ಪಟಪಟ ಹೊಡೆದುಕೊಳ್ಳುತ್ತಿದ್ದ. ಗೋಡೆಗೆ ತಲೆ ಒತ್ತಿಕೊಂಡು ನಿಲ್ಲುತ್ತಿದ್ದ. ದಿನಾ ಎರಡು ಸಲ ಹಾಕಿಸಿಕೊಂಡು ತಿನ್ನುವ ಮೊಸರನ್ನವನ್ನು ತಟ್ಟೆ ಸಮೇತ ತಳ್ಳಿಬಿಟ್ಟ. ನನಗೆ ಆ ವಾರ ಇಂಟರ್ನಲ್ಸ್ ಇತ್ತು. ಎರಡನೇ ರಾತ್ರಿ ಒಂದು ಗಂಟೆಗೆ, "ಸಾಕು ಸುಮ್ನಿರೋ" ಅಂತ ಗದರಿಬಿಟ್ಟೆ. ಅವನು ನನ್ನ ಮುಖ ನೋಡಲಿಲ್ಲ. "ಸಾಕು ಸುಮ್ನಿರೋ, ಸಾಕು ಸುಮ್ನಿರೋ" ಅಂತ ನನ್ನದೇ ದನಿಯಲ್ಲಿ ಹೇಳುತ್ತಾ ಮತ್ತೆ ಕೆನ್ನೆಗೆ ಹೊಡೆದುಕೊಂಡ.

ತಮ್ಮನಿಗೆ ಹದಿನಾಲ್ಕು ವರ್ಷ. ಮನೆಯಲ್ಲಿ ಪುಟ್ಟ ಅಂತ ಕರೆಯುತ್ತೇವೆ. ಅವನಿಗೆ ಆಟಿಸಂ ಇದೆ. ಸ್ವಂತವಾಗಿ ಆಡುವ ಮಾತು ಕಡಿಮೆ, ನಾವು ಆಡಿದ್ದನ್ನು ಹಾಗೇ ತಿರುಗಿ ಹೇಳುವುದು ಹೆಚ್ಚು. "ನೋವಾಗ್ತಿದ್ಯಾ ಪುಟ್ಟಾ?" ಅಂತ ಅಮ್ಮ ಕೇಳಿದರೆ, "ನೋವಾಗ್ತಿದ್ಯಾ ಪುಟ್ಟಾ?" ಅಂತ ಅಮ್ಮನನ್ನೇ ಕೇಳುತ್ತಾನೆ.

ನಾಲ್ಕನೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಓಪಿಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆತ್ತಿಯ ಮೇಲೆ ಮಿಣುಕುವ ಟ್ಯೂಬ್‌ಲೈಟ್, ಎರಡು ನಿಮಿಷಕ್ಕೊಮ್ಮೆ ಟೋಕನ್ ನಂಬರ್ ಕೂಗುವ ಮೈಕ್. ಎರಡೂವರೆ ಗಂಟೆ ಕಾದ ಮೇಲೆ ನಮ್ಮ ಸರದಿ ಬಂತು. ಅಷ್ಟರಲ್ಲಿ ಅವನು ನೆಲದ ಮೇಲೆ ಮಲಗಿ ಕಿರುಚುತ್ತಿದ್ದ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ವೈದ್ಯರು ಹಳೆಯ ಕೇಸ್ ಶೀಟ್ ತಿರುವಿ ಹಾಕಿ, "ಆಟಿಸಂ ಅಲ್ವೇನಮ್ಮಾ? ಈ ಮಕ್ಕಳು ಹಂಗೇ. ವಯಸ್ಸಿಗೆ ಬರ್ತಾ ಹಠ ಜಾಸ್ತಿ ಆಗುತ್ತೆ" ಅಂದರು. ನಿದ್ದೆಗೆ ಒಂದು ಔಷಧ ಬರೆದರು. ಬಾಯಿ ತೆರೆಸಿ ನೋಡಲಿಲ್ಲ. ಒಳಗೆ ಹೋಗಿ ಹೊರಗೆ ಬರುವುದಕ್ಕೆ ನಾಲ್ಕು ನಿಮಿಷವೂ ಹಿಡಿಯಲಿಲ್ಲ.

ಇನ್ನೂ ಐದು ದಿನ ಕಳೆಯಿತು. ಬೆಳಿಗ್ಗೆ ಎದ್ದು ನೋಡಿದರೆ ಬಲಗೆನ್ನೆ ಊದಿಕೊಂಡಿತ್ತು. ಮನೆ ಹತ್ತಿರದ ದಂತವೈದ್ಯರ ಬಳಿ ಓಡಿದೆವು. ಪುಟ್ಟ ಕುರ್ಚಿ ಹತ್ತಲಿಲ್ಲ, ಮೂಲೆಯಲ್ಲಿ ನೆಲಕ್ಕೆ ಕೂತ. ಆ ಡಾಕ್ಟರ್ ತಾವೂ ಬಂದು ನೆಲದ ಮೇಲೆ ಕೂತರು. ಮೊದಲು ತಮ್ಮ ಬಾಯಿಗೆ ಟಾರ್ಚ್ ಬಿಟ್ಟು ತೋರಿಸಿದರು, ಆಮೇಲೆ ನನ್ನ ಬಾಯಿಗೆ, ಆಮೇಲೆ ಅವನ ಬಾಯಿಗೆ. ನೋಡಿದವರು ಒಂದು ಕ್ಷಣ ಸುಮ್ಮನಾದರು. "ದವಡೆ ಹಲ್ಲಿನ ಬುಡದಲ್ಲಿ ಕೀವು ಕಟ್ಟಿದೆ. ಇಷ್ಟು ದಿನ ಹೆಂಗೆ ತಡ್ಕೊಂಡ ಇವನು?"

ಅಮ್ಮ ಅಲ್ಲೇ ಅತ್ತುಬಿಟ್ಟಳು. ನನಗೆ ನೆನಪಾದದ್ದು ಮಧ್ಯರಾತ್ರಿ ನಾನು ಗದರಿದ್ದು. ಒಂಬತ್ತು ದಿನದಿಂದ ಅವನು ತನಗೆ ಬರುವ ಒಂದೇ ಭಾಷೆಯಲ್ಲಿ, ಎಲ್ಲಿ ನೋವು ಅಂತ ಕೈಯಿಟ್ಟು ಹೊಡೆದು ಹೊಡೆದು ತೋರಿಸುತ್ತಿದ್ದ. ನಾವು ಅದಕ್ಕೆ ಹಠ ಅಂತ ಹೆಸರಿಟ್ಟಿದ್ದೆವು.

ನೆರಳಲ್ಲಿ ಮರೆಯಾದ ನೋವು

ಇದಕ್ಕೊಂದು ಹೆಸರಿದೆ ಅಂತ ಆಮೇಲೆ ಓದಿ ತಿಳಿದೆ. ಡಯಾಗ್ನಾಸ್ಟಿಕ್ ಓವರ್‌ಶ್ಯಾಡೋಯಿಂಗ್. ಕೇಸ್ ಶೀಟಿನಲ್ಲಿ ಮೊದಲೇ ಬರೆದಿರುವ ಒಂದು ಹೆಸರಿನ ನೆರಳಲ್ಲಿ ಇನ್ನೊಂದು ಕಾಯಿಲೆ ಕಾಣದೆ ಹೋಗುವುದು. ಬೇರೆ ಹುಡುಗ ಕೆನ್ನೆ ಹಿಡಿದುಕೊಂಡು ಬಂದರೆ ಹಲ್ಲು ನೋಡುತ್ತಾರೆ. ಆಟಿಸಂ ಇರುವ ಹುಡುಗ ಕೆನ್ನೆಗೆ ಹೊಡೆದುಕೊಂಡರೆ ಅದು ಆಟಿಸಂ ಅಂದುಕೊಳ್ಳುತ್ತಾರೆ. ಕಿವಿ ಸೋಂಕು, ಮಲಬದ್ಧತೆ, ಹೊಟ್ಟೆಯಲ್ಲಿ ಉರಿ, ಹಲ್ಲುನೋವು, ಹೆಣ್ಣುಮಕ್ಕಳಿಗಾದರೆ ಮುಟ್ಟಿನ ನೋವು, ಹೀಗೆ ಯಾವುದೂ ಈ ನೆರಳಲ್ಲಿ ಮರೆಯಾಗಬಹುದು. ಆಟಿಸಂ ಇರುವವರಲ್ಲಿ ಹೊಟ್ಟೆಯ ತೊಂದರೆ, ನಿದ್ದೆಯ ತೊಂದರೆ, ಅಪಸ್ಮಾರ ಉಳಿದವರಿಗಿಂತ ಹೆಚ್ಚು ಅಂತ ವೈದ್ಯಕೀಯವೇ ಹೇಳುತ್ತದೆ. ಹೆಚ್ಚು ಗಮನ ಕೊಡಬೇಕಾದ ಕಡೆಯೇ ಕಡಿಮೆ ಗಮನ ಸಿಗುತ್ತಿದೆ.

ಆಟಿಸಂ ಅನ್ನುವುದನ್ನು 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಗಮನಿಸಿ ವಿವರಿಸಿದರು. ಅಲ್ಲಿಂದ ಬಹಳ ಕಾಲ ಅದು ಮಾತು ಮತ್ತು ಒಡನಾಟಕ್ಕೆ ಸಂಬಂಧಿಸಿದ್ದು ಅಂತಲೇ ಎಲ್ಲರೂ ನೋಡುತ್ತಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯನ್ನು ಪರಿಷ್ಕರಿಸಿದಾಗ ಇನ್ನೊಂದು ಸಂಗತಿಯನ್ನು ಲಕ್ಷಣಗಳ ಪಟ್ಟಿಗೆ ಸೇರಿಸಿತು. ಶಬ್ದ, ಬೆಳಕು, ಸ್ಪರ್ಶ, ನೋವು ಇವು ಆಟಿಸಂ ಇರುವವರಿಗೆ ಬೇರೆ ರೀತಿ ಮುಟ್ಟುತ್ತವೆ, ಕೆಲವರಿಗೆ ಅತಿಯಾಗಿ, ಕೆಲವರಿಗೆ ತೀರಾ ಕಡಿಮೆ. ಇದನ್ನು ಓದಿದ ಮೇಲೆ ಆ ಓಪಿಡಿಯ ಟ್ಯೂಬ್‌ಲೈಟ್ ಮತ್ತು ಮೈಕ್ ನನಗೆ ಬೇರೆ ತರಹ ಕಾಣಿಸಿತು. ಪುಟ್ಟ ಕಿರುಚಿದ್ದು ಡಾಕ್ಟರ್ ಕೊಠಡಿಯಲ್ಲಿ. ಆದರೆ ಅವನನ್ನು ಕಿರುಚುವ ಹಾಗೆ ಮಾಡಿದ್ದು ಅದಕ್ಕೂ ಮುಂಚಿನ ಎರಡೂವರೆ ಗಂಟೆ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. 2011ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆ ಸುಮಾರು 9 ಲಕ್ಷ. ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. ಅದೇ ಲೆಕ್ಕ ಹಿಡಿದರೆ ನಮ್ಮೂರೊಂದರಲ್ಲೇ ಏಳು ಸಾವಿರ ಜನ. ಇವರೆಲ್ಲ ಮಕ್ಕಳೂ ಅಲ್ಲ. ಸರಾಗವಾಗಿ ಮಾತಾಡುವವರು, ಕಾಲೇಜಿಗೆ ಹೋಗುವವರು, ಕೆಲಸದಲ್ಲಿರುವವರೂ ಇದರಲ್ಲಿದ್ದಾರೆ. ಮುಖದಲ್ಲಿ ಏನೂ ತೋರಿಸದೆ "ಹೊಟ್ಟೆ ತುಂಬಾ ನೋಯ್ತಿದೆ" ಅಂತ ಸಪ್ಪೆಯಾಗಿ ಹೇಳುವ ಯುವಕನ ಮಾತನ್ನು ಎಷ್ಟು ಜನ ನಂಬುತ್ತಾರೆ? ನೋವಿದ್ದವರು ನರಳಬೇಕು ಅಂತ ನಾವೆಲ್ಲ ಅಂದುಕೊಂಡಿದ್ದೇವೆ.

ಯಾರನ್ನು ದೂರುವುದು?

ಮೊದಲ ಕೆಲವು ದಿನ ಆ ವೈದ್ಯರ ಮೇಲೆ ನನಗೆ ಕಡುಕೋಪ ಇತ್ತು. ಪಿಯುಸಿಯಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ ಈಗ ಎಂಬಿಬಿಎಸ್ ಓದುತ್ತಿದ್ದಾಳೆ. ಅವಳ ಮೇಲೆ ಕೋಪ ತೀರಿಸಿಕೊಂಡೆ. ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದಳು: "ನಿನ್ನ ಕೋಪ ಸರೀನೇ ಕಣೆ. ಆದ್ರೆ ಒಂದು ಬೆಳಿಗ್ಗೆಗೆ ಎಷ್ಟು ಜನ ಬರ್ತಾರೆ ಅಂತ ನೋಡಿದ್ದೀಯಲ್ಲ. ಆಟಿಸಂ ಹೆಂಗೆ ಗುರುತಿಸಬೇಕು ಅಂತ ನಮಗೆ ಓದಿಸ್ತಾರೆ. ಎಷ್ಟು ತಿಂಗಳಿಗೆ ಮಗು ಹೆಸರು ಕರೆದ್ರೆ ತಿರುಗಬೇಕು, ಯಾವಾಗ ಬೆರಳು ಮಾಡಿ ತೋರಿಸ್ಬೇಕು, ಎಲ್ಲಾ ಪರೀಕ್ಷೆಗೆ ಬರುತ್ತೆ. ಆದ್ರೆ ಅದೇ ಮಗು ಹದಿನಾಲ್ಕು ವರ್ಷದವನಾಗಿ ಜ್ವರ ಬಂದು ಎದುರಿಗೆ ನಿಂತಾಗ ಹೆಂಗೆ ಮುಟ್ಟಬೇಕು, ಹೆಂಗೆ ರಕ್ತ ತೆಗೀಬೇಕು ಅಂತ ನಂಗೆ ಇಲ್ಲೀವರೆಗೆ ಯಾರೂ ತೋರಿಸಿಲ್ಲ."

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಯಾಕೆಂದರೆ ಈ ವಿದ್ಯೆ ಗೊತ್ತಿಲ್ಲದ ಊರು ನಮ್ಮದಲ್ಲ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಮೈಸೂರಿನವರ ಬಾಯಲ್ಲಿ ಅದು 'ಆಯಿಷ್'. 1965ರಲ್ಲಿ ಶುರುವಾದ ಈ ಸಂಸ್ಥೆಗೆ ದೇಶದ ಬೇರೆ ಬೇರೆ ಮೂಲೆಯಿಂದ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಅಲ್ಲಿಗೆ ಹೋಗುವುದಕ್ಕೆ ಸುಲಭವಾಗಲಿ ಅಂತ ಊರು ಬಿಟ್ಟು ಬಂದು ಮೈಸೂರಿನಲ್ಲಿ ಬಾಡಿಗೆಮನೆ ಹಿಡಿದ ತಾಯಂದಿರನ್ನು ನಾನು ಅಲ್ಲಿನ ಬೆಂಚುಗಳ ಮೇಲೆ ನೋಡಿದ್ದೇನೆ. ಪುಟ್ಟನಿಗೆ ಮೂರು ವರ್ಷವಾಗಿದ್ದಾಗ ಆಟಿಸಂ ಅಂತ ಗೊತ್ತಾಗಿದ್ದು ಅಲ್ಲೇ. ಚಿತ್ರದ ಕಾರ್ಡ್ ತೋರಿಸಿ ನೀರು ಕೇಳುವುದನ್ನು ಅವನು ಕಲಿತದ್ದೂ ಅಲ್ಲೇ. ಅವನಿಗೆ ಹೇಗೆ ಹೇಳಬೇಕು, ಎಷ್ಟು ಹೊತ್ತು ಉತ್ತರಕ್ಕೆ ಕಾಯಬೇಕು ಅಂತ ಅಮ್ಮ ಕಲಿತದ್ದೂ ಅಲ್ಲೇ.

ಆದರೆ ರಾತ್ರಿ ಹನ್ನೊಂದಕ್ಕೆ ಜ್ವರ ಬಂದರೆ ಹೋಗುವುದು ಥೆರಪಿ ಕೊಠಡಿಗಲ್ಲ, ಕ್ಯಾಶುಯಲ್ಟಿಗೆ. ಅಲ್ಲಿ ಇರುವವರು ಡ್ಯೂಟಿ ಡಾಕ್ಟರ್, ಸಿಸ್ಟರ್, ಲ್ಯಾಬ್ ಹುಡುಗ, ಎಕ್ಸ್‌ರೇ ತೆಗೆಯುವವರು, ಬಾಗಿಲಲ್ಲಿ ಸೆಕ್ಯುರಿಟಿ. 1924ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು ಈ ಊರಲ್ಲಿದೆ, ಜೆಎಸ್‌ಎಸ್ ಇದೆ, ನರ್ಸಿಂಗ್ ಕಾಲೇಜುಗಳಿವೆ, ಆಯಿಷ್ ಇದೆ. ಎಲ್ಲಾ ಕೆಲವೇ ಕಿಲೋಮೀಟರ್ ಅಂತರದಲ್ಲಿ. ಒಂದು ಕಡೆ ಇರುವ ತಿಳಿವಳಿಕೆ ಇನ್ನೊಂದು ಕಡೆಗೆ ನಡೆದು ಹೋಗಬೇಕಾದ ದೂರ ಅಷ್ಟೇ.

ಆ್ಯಪ್ ಬೇಡ, ಹಾಳೆ ಸಾಕು

ದಂತವೈದ್ಯರು ಆ ದಿನ ಇನ್ನೊಂದು ಕೆಲಸ ಮಾಡಿದರು. ಕೀವಿಗೆ ಮಾತ್ರೆ ಬರೆದುಕೊಟ್ಟು, ಎರಡು ವಾರ ಬಿಟ್ಟು ಅರಿವಳಿಕೆ ಕೊಟ್ಟು ಹಲ್ಲು ತೆಗೆಯೋಣ ಅಂದರು. ಅದಕ್ಕೂ ಮುಂಚೆ ರಕ್ತಪರೀಕ್ಷೆ ಆಗಬೇಕು ಅಂದರು. ಆಮೇಲೆ ಪೆನ್ನು ಕೆಳಗಿಟ್ಟು ಅಮ್ಮನನ್ನು ಕೇಳಿದರು: "ಇವನ ಬಗ್ಗೆ ನಂಗೆ ಏನೇನು ಗೊತ್ತಿರ್ಬೇಕು, ಹೇಳಿ."

ಹದಿನಾಲ್ಕು ವರ್ಷದಲ್ಲಿ ಥೆರಪಿಯ ಹೊರಗೆ ಯಾವ ವೈದ್ಯರೂ ಅಮ್ಮನಿಗೆ ಈ ಪ್ರಶ್ನೆ ಕೇಳಿರಲಿಲ್ಲ. ಅಮ್ಮ ಇಪ್ಪತ್ತು ನಿಮಿಷ ಮಾತಾಡಿದಳು. ನಾನು ಪಕ್ಕದಲ್ಲಿ ಕೂತು ಮೊಬೈಲ್‌ನಲ್ಲಿ ಬರೆದುಕೊಂಡೆ. ಪ್ರತಿ ಸಲ, ಪ್ರತಿ ಆಸ್ಪತ್ರೆಯಲ್ಲಿ ಇಪ್ಪತ್ತು ನಿಮಿಷ ಯಾರು ಕೊಡುತ್ತಾರೆ? ಅದನ್ನು ಎರಡು ನಿಮಿಷಕ್ಕೆ ಇಳಿಸಬೇಕು ಅನ್ನಿಸಿತು.

ನಾನು ಇಂಜಿನಿಯರಿಂಗ್ ಓದುವವಳು. ತಲೆಗೆ ಮೊದಲು ಹೊಳೆದದ್ದು ಆ್ಯಪ್. ಮಿನಿ ಪ್ರಾಜೆಕ್ಟ್‌ಗೂ ಆಯ್ತು ಅಂತ ರಾತ್ರಿ ಕೂತು ಸ್ಕ್ರೀನ್‌ಗಳನ್ನು ಬರೆದೆ. ಲಾಗಿನ್, ಪ್ರೊಫೈಲ್, ಕ್ಯೂಆರ್ ಕೋಡ್. ಅಮ್ಮನಿಗೆ ತೋರಿಸಿದೆ. "ಚೆನ್ನಾಗಿದೆ ಕಣೆ. ಆದ್ರೆ ಅವನು ಕಿರುಚ್ತಾ ಇರುವಾಗ ಆ ಡಾಕ್ಟ್ರು ನಿನ್ನ ಆ್ಯಪ್ ಇನ್‌ಸ್ಟಾಲ್ ಮಾಡ್ಕೊಂಡು ಕೂರ್ತಾರಾ?" ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ. ಮಾರನೇ ದಿನ ಜೆರಾಕ್ಸ್ ಅಂಗಡಿಯಲ್ಲಿ ಒಂದು ಹಾಳೆ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿದೆ. ಅದರಲ್ಲಿ ಇರುವುದು ಇಷ್ಟು:

• ನನ್ನನ್ನು ಪುಟ್ಟ ಅಂತ ಕರೆಯಿರಿ. ನನಗೆ ಆಟಿಸಂ ಇದೆ. ಮಾತು ಕಡಿಮೆ, ಆದರೆ ನೀವು ಹೇಳುವುದು ಅರ್ಥವಾಗುತ್ತದೆ.

• ನೀವು ಕೇಳಿದ್ದನ್ನೇ ತಿರುಗಿ ಹೇಳಿದರೆ ಅದು ನನ್ನ ಉತ್ತರವಲ್ಲ. ಹಿಂಬದಿಯಲ್ಲಿ 'ಹೌದು', 'ಇಲ್ಲ' ಚಿತ್ರಗಳಿವೆ, ಬೆರಳಿಟ್ಟು ತೋರಿಸುತ್ತೇನೆ. ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ.

• ನೋವಾದರೆ ನಾನು ಅಳುವುದಿಲ್ಲ. ನೋವಿರುವ ಜಾಗಕ್ಕೆ ಹೊಡೆದುಕೊಳ್ಳುತ್ತೇನೆ, ಊಟ ಬಿಡುತ್ತೇನೆ, ನಿದ್ದೆ ಮಾಡುವುದಿಲ್ಲ. ಹಾಗೆ ಮಾಡಿದರೆ ಮೊದಲು ಹಲ್ಲು, ಕಿವಿ, ಗಂಟಲು, ಹೊಟ್ಟೆ ನೋಡಿ.

• ಹೇಳದೆ ಮುಟ್ಟಬೇಡಿ. ಬೆರಳ ತುದಿಯಲ್ಲಿ ಸವರಿದರೆ ನನಗೆ ಆಗುವುದಿಲ್ಲ. ಅಂಗೈ ಪೂರ್ತಿ ಇಟ್ಟು ಮುಟ್ಟಿ.

• ಮೈಕ್ ಶಬ್ದ, ಮಿಣುಕುವ ದೀಪ ತಡೆಯಲಾರೆ. ಕಿವಿಯ ಹೆಡ್‌ಫೋನ್ ತೆಗೆಸಬೇಡಿ. ಆದರೆ ಹೊರಗೆ ಕಾಯಲು ಬಿಡಿ, ಸರದಿ ಬಂದಾಗ ಫೋನ್ ಮಾಡಿ.

• ಏನು ಮಾಡುತ್ತೀರಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. "ಇರುವೆ ಕಚ್ಚಿದ ಹಾಗಾಗುತ್ತೆ" ಅನ್ನಬೇಡಿ. ಇರುವೆ ಎಲ್ಲಿ ಅಂತ ಹುಡುಕುತ್ತೇನೆ.

• ಬಸ್ಸಿನ ನಂಬರ್ ಬಗ್ಗೆ ಕೇಳಿ. ನನಗೆ ಇಷ್ಟ.

ಹಿಂಬದಿಯಲ್ಲಿ ಹೌದು, ಇಲ್ಲ ಚಿತ್ರಗಳ ಜೊತೆ ಒಂದು ಮೈಯ ಚಿತ್ರ, ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಹೆಸರು, ರಕ್ತದ ಗುಂಪು, ಅಮ್ಮನ ಫೋನ್ ನಂಬರ್.

ಇದು ನನ್ನ ಆವಿಷ್ಕಾರವೇನೂ ಅಲ್ಲ. ಬ್ರಿಟನ್‌ನ ಆಸ್ಪತ್ರೆಗಳಲ್ಲಿ ಇಂಥದ್ದಕ್ಕೆ 'ಹಾಸ್ಪಿಟಲ್ ಪಾಸ್‌ಪೋರ್ಟ್' ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಇನ್ನೊಂದು ಮಾತು. ಈ ಹಾಳೆ ಪುಟ್ಟನದು ಮಾತ್ರ. ಇನ್ನೊಬ್ಬ ಹುಡುಗಿಗೆ ಗಟ್ಟಿ ಸ್ಪರ್ಶವೇ ಆಗದಿರಬಹುದು, ಮತ್ತೊಬ್ಬನಿಗೆ ಮೈಕ್ ಶಬ್ದ ಏನೂ ಅನ್ನಿಸದಿರಬಹುದು. ಒಂದೊಂದು ಮನೆಯ ಹಾಳೆಯೂ ಬೇರೆ. ಅದಕ್ಕೇ ಅದನ್ನು ಬರೆಯಬೇಕಾದವರು ಮನೆಯವರು, ಸಾಧ್ಯವಾದರೆ ಆಟಿಸಂ ಇರುವವರೇ.

ಸೂಜಿ ಚುಚ್ಚಿದ ದಿನ

ರಕ್ತಪರೀಕ್ಷೆಯ ಹಿಂದಿನ ನಾಲ್ಕು ದಿನ ಮನೆಯಲ್ಲಿ ತಯಾರಿ ನಡೆಯಿತು. ಮಕ್ಕಳಿಗೆ ಭಯ ಹೋಗಲಿ ಅಂತ ದಂತವೈದ್ಯರು ಬಳಸುವ ಒಂದು ವಿಧಾನ ಇದೆ: ಮೊದಲು ಹೇಳುವುದು, ಆಮೇಲೆ ತೋರಿಸುವುದು, ಕೊನೆಗೆ ಮಾಡುವುದು. ಟಾರ್ಚ್ ಹಿಡಿದು ಅವರು ಆ ದಿನ ಮಾಡಿದ್ದೂ ಅದೇ. ನಾವೂ ಹಾಗೇ ಮಾಡಿದೆವು. ಅಮ್ಮನ ತೋಳಿಗೆ ದುಪಟ್ಟಾ ಕಟ್ಟಿ, ಹತ್ತಿಯಲ್ಲಿ ಒರೆಸಿ, ಸೂಜಿಯಿಲ್ಲದ ಸಿರಿಂಜ್ ಇಟ್ಟು ತೋರಿಸಿದೆ. ಆಮೇಲೆ ನನ್ನ ತೋಳು, ಆಮೇಲೆ ಅವನದು. ಮರಗಟ್ಟಿಸುವ ಒಂದು ಮುಲಾಮು ಇದೆ, ಚುಚ್ಚುವ ಜಾಗಕ್ಕೆ ಸುಮಾರು ಒಂದು ಗಂಟೆ ಮುಂಚೆ ಹಚ್ಚಿದರೆ ನೋವು ಕಡಿಮೆಯಾಗುತ್ತದೆ ಅಂತ ಡಾಕ್ಟರ್ ಹೇಳಿ ಬರೆದುಕೊಟ್ಟಿದ್ದರು. ಅಲ್ಲಿಯವರೆಗೆ ಇಂಥದ್ದೊಂದು ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ.

ಲ್ಯಾಬ್‌ಗೆ ಹೋದಾಗ ಹಾಳೆಯನ್ನು ಸಿಸ್ಟರ್ ಕೈಗೆ ಕೊಟ್ಟೆ. ಅವರು ನಿಂತಲ್ಲೇ ಓದಿದರು. ತಿರುಗಿಸಿ ಹಿಂಬದಿಯನ್ನೂ ಓದಿದರು. "ಹೊರಗೆ ಮರದ ಕೆಳಗೆ ಕೂತಿರಿ, ನಾನೇ ಕರೀತೀನಿ" ಅಂದರು. ಕರೆದಾಗ ಒಳಗಿನ ಎರಡು ದೀಪದಲ್ಲಿ ಒಂದನ್ನು ಆರಿಸಿದ್ದರು. "ಪುಟ್ಟಾ, ನಾನು ಈಗ ನಿನ್ನ ಕೈ ಹಿಡ್ಕೋತೀನಿ. ಆಮೇಲೆ ಸೂಜಿ ಚುಚ್ತೀನಿ. ನೋವಾಗುತ್ತೆ. ಐದು ಎಣಿಸೋದ್ರೊಳಗೆ ಮುಗಿಯುತ್ತೆ" ಅಂದರು.

ಎಲ್ಲ ಸಿನಿಮಾದ ಹಾಗೆ ನಡೆಯಿತು ಅಂತ ಸುಳ್ಳು ಹೇಳುವುದಿಲ್ಲ. ಮೊದಲ ಸಲ ಅವನು ಕೈ ಎಳೆದುಕೊಂಡ, ಟ್ರೇ ಕೆಳಗೆ ಬಿತ್ತು. ಸಿಸ್ಟರ್ ಬೈಯಲಿಲ್ಲ. ಹಿಡಿದುಕೊಳ್ಳಲು ಇನ್ನಿಬ್ಬರನ್ನು ಕರೆಯಲೂ ಇಲ್ಲ. ಎಲ್ಲವನ್ನೂ ಎತ್ತಿಟ್ಟು, ಹೊಸ ಸೂಜಿ ತೆಗೆದು, "ನಿಮ್ಮನೆ ಕಡೆ ಯಾವ್ಯಾವ ಬಸ್ ಬರುತ್ತೆ ಪುಟ್ಟಾ?" ಅಂತ ಕೇಳಿದರು. ಅವನು ಒಂದೊಂದೇ ನಂಬರ್ ಹೇಳತೊಡಗಿದ. ಹೇಳಿ ಮುಗಿಸುವಷ್ಟರಲ್ಲಿ ಟ್ಯೂಬ್ ತುಂಬಿತ್ತು. ಒಟ್ಟು ಹನ್ನೊಂದು ನಿಮಿಷ. ಎರಡು ವರ್ಷದ ಹಿಂದೆ ಇದೇ ಪರೀಕ್ಷೆಗೆ ನಾಲ್ಕು ಜನ ಅವನನ್ನು ಮಂಚಕ್ಕೆ ಒತ್ತಿ ಹಿಡಿದಿದ್ದರು. ಮುಕ್ಕಾಲು ಗಂಟೆ ಹಿಡಿದಿತ್ತು. ಆಮೇಲೆ ಒಂದು ತಿಂಗಳು ಅವನು ಬಿಳಿ ಅಂಗಿ ಹಾಕಿದವರನ್ನು ಕಂಡರೆ ಓಡುತ್ತಿದ್ದ. ಸಮಯವಿಲ್ಲ ಅನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಹಲ್ಲು ತೆಗೆದ ಮೂರನೇ ದಿನ ಪುಟ್ಟ ಮೊಸರನ್ನ ಕೇಳಿದ. 'ಹಠ' ಎಲ್ಲಿ ಹೋಯಿತೋ ಗೊತ್ತಿಲ್ಲ. ನಿದ್ದೆಯ ಔಷಧದ ಬಾಟಲಿ ಅರ್ಧ ಹಾಗೇ ಉಳಿಯಿತು.

ಕಾನೂನಿನಲ್ಲಿ ಇದೆ

ಈ ಸಿಸ್ಟರ್ ಒಳ್ಳೆಯವರು, ನಮ್ಮ ಪುಣ್ಯ ಅಂತ ಅಮ್ಮ ಹೇಳುತ್ತಾಳೆ. ಆದರೆ ಚಿಕಿತ್ಸೆ ಅನ್ನುವುದು ಪುಣ್ಯದ ಮೇಲೆ ನಿಲ್ಲಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಆಸ್ಪತ್ರೆಗಳಲ್ಲಿ ಇಂಥವರಿಗೆ ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ ಸಿಗಬೇಕು ಅಂತ ಅದರ 25ನೇ ಸೆಕ್ಷನ್ ಹೇಳುತ್ತದೆ. ವೈದ್ಯರು, ನರ್ಸ್‌ಗಳು, ಅರೆವೈದ್ಯಕೀಯ ಸಿಬ್ಬಂದಿ ಓದುವ ಕೋರ್ಸ್‌ಗಳಲ್ಲಿ ಈ ವಿಷಯ ಒಂದು ಭಾಗವಾಗಿರಬೇಕು ಅಂತ 47ನೇ ಸೆಕ್ಷನ್ ಹೇಳುತ್ತದೆ. 2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾದಾಗ ಆರಂಭದ ಫೌಂಡೇಶನ್ ಕೋರ್ಸ್‌ನಲ್ಲಿ ವೈಕಲ್ಯ ಇರುವವರ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಸೇರಿಸಲಾಯಿತು. ಒಳ್ಳೆಯ ಹೆಜ್ಜೆ. ಆದರೆ ರೋಗಿಯನ್ನೇ ಮುಟ್ಟದ ಮೊದಲ ವರ್ಷದಲ್ಲಿ ಕೇಳಿದ ಪಾಠ ಇಂಟರ್ನ್‌ಶಿಪ್ ಹೊತ್ತಿಗೆ ಎಷ್ಟು ನೆನಪಿರುತ್ತದೆ? ಮೊದಲ ಸೆಮಿಸ್ಟರ್‌ನ ಕೆಮಿಸ್ಟ್ರಿ ನನಗೆ ಎಷ್ಟು ನೆನಪಿದೆಯೋ ಅಷ್ಟೇ ಇರಬೇಕು.

ಇಂಗ್ಲೆಂಡ್‌ನಲ್ಲಿ ಈ ಪಾಠ ಒಂದು ಜೀವ ಕೊಟ್ಟು ಕಲಿತದ್ದು. ಆಲಿವರ್ ಮೆಕ್‌ಗೋವನ್ ಅನ್ನುವ ಹದಿನೆಂಟು ವರ್ಷದ ಹುಡುಗನಿಗೆ ಆಟಿಸಂ ಮತ್ತು ಅಪಸ್ಮಾರ ಇತ್ತು. ಮನೋರೋಗಕ್ಕೆ ಕೊಡುವ ಬಗೆಯ ಔಷಧ ತನಗೆ ಬೇಡ ಅಂತ ಅವನೂ ಹೇಳಿದ್ದ, ತಂದೆತಾಯಿಯೂ ಹೇಳಿದ್ದರು. ಆದರೂ ಕೊಟ್ಟರು. ಅದರ ತೀವ್ರ ಅಡ್ಡಪರಿಣಾಮದಿಂದ 2016ರ ನವೆಂಬರ್‌ನಲ್ಲಿ ಅವನು ತೀರಿಕೊಂಡ. ತಾಯಿ ಪೌಲಾ ಸುಮ್ಮನೆ ಕೂರಲಿಲ್ಲ. ಅವರ ಹೋರಾಟದ ಫಲವಾಗಿ 2022ರ ಕಾಯ್ದೆಯಲ್ಲಿ ಅಲ್ಲಿನ ಆರೋಗ್ಯ ಸಿಬ್ಬಂದಿಗೆ ಆಟಿಸಂ ಮತ್ತು ಕಲಿಕೆಯ ವೈಕಲ್ಯದ ಬಗ್ಗೆ ತರಬೇತಿ ಕಡ್ಡಾಯವಾಯಿತು. ಆ ತರಬೇತಿಗೆ ಆಲಿವರ್‌ನ ಹೆಸರೇ ಇದೆ. ಪಾಠ ಹೇಳುವವರ ಜೊತೆ ಆಟಿಸಂ ಇರುವವರೂ ಇರುತ್ತಾರೆ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ನಮ್ಮಲ್ಲಿ ಅಂಥದ್ದೊಂದು ಸಾವಿಗೆ ಕಾಯಬೇಕಾಗಿಲ್ಲ. ವರ್ಷಕ್ಕೊಂದು ಮಧ್ಯಾಹ್ನ ಸಾಕು. ವಾಕ್ ಚಿಕಿತ್ಸೆ ಓದುವ ವಿದ್ಯಾರ್ಥಿಗಳು, ಎಂಬಿಬಿಎಸ್ ಮತ್ತು ನರ್ಸಿಂಗ್ ಇಂಟರ್ನ್‌ಗಳು, ಆಟಿಸಂ ಇರುವ ಇಬ್ಬರು ಮೂವರು, ಅವರ ತಾಯಂದಿರು, ಇಷ್ಟು ಜನ ಒಂದು ಕೊಠಡಿಯಲ್ಲಿ ಕೂತರೆ ಆಯಿತು. ಪವರ್‌ಪಾಯಿಂಟ್ ಕೂಡ ಬೇಡ. "ನೋವಾದಾಗ ನಿಮ್ಮ ಮಗ ಏನು ಮಾಡ್ತಾನೆ?" ಅಂತ ಕೇಳಿ, ಪೆನ್ನು ಹಿಡಿದು ಕೂತರೆ ಸಾಕು.

ನಾಳೆ ಆ ಕುರ್ಚಿಯಲ್ಲಿ ನೀವಿರಬಹುದು

ಈ ಪುಟ ಓದುತ್ತಿರುವವರಲ್ಲಿ ಯಾರೋ ನರ್ಸಿಂಗ್ ಓದುತ್ತಿರಬಹುದು, ಯಾರೋ ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಅರ್ಜಿ ಹಾಕಿರಬಹುದು, ಯಾರೋ ಆಸ್ಪತ್ರೆಯ ರಿಸೆಪ್ಷನ್‌ಗೆ ಇಂಟರ್‌ವ್ಯೂ ಕೊಟ್ಟು ಬಂದಿರಬಹುದು. ನಿಮಗೆ ನನ್ನದು ದೊಡ್ಡ ಬೇಡಿಕೆಯೇನಲ್ಲ. ಒಂದು ಮಗು ಕಿರುಚುತ್ತಾ ಬಂದರೆ, ತಾಯಿಗೆ "ಸುಮ್ನಿರ್ಸಿ" ಅನ್ನುವ ಮುಂಚೆ ಮೈಕಿನ ದನಿ ತಗ್ಗಿಸಿ ನೋಡಿ. ಸಾಧ್ಯವಿದ್ದರೆ ಮೊದಲ ಟೋಕನ್ನೋ ಕೊನೆಯ ಟೋಕನ್ನೋ ಕೊಡಿ. ರೋಗಿಗೆ ಮಾತು ಬರದಿದ್ದರೂ ಅವನ ಹೆಸರು ಹಿಡಿದು ಅವನಿಗೇ ಹೇಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ ಅಂತ ಕೇಳಿಸಿಕೊಂಡಿಲ್ಲ ಅಂದುಕೊಳ್ಳಬೇಡಿ. "ಯಾವಾಗಲೂ ಹೀಗೇ ಮಾಡ್ತಾನಾ, ಇಲ್ಲಾ ಈಗ ಶುರುವಾಯ್ತಾ?" ಅನ್ನುವ ಒಂದು ಪ್ರಶ್ನೆ ಕೇಳಿ. ಆ ಒಂದು ಪ್ರಶ್ನೆ ಮೊದಲ ದಿನ ಕೇಳಿದ್ದರೆ ಪುಟ್ಟನ ಐದು ರಾತ್ರಿ ಉಳಿಯುತ್ತಿತ್ತು.

ನನ್ನ ಹಾಗೆ ಇಂಜಿನಿಯರಿಂಗ್ ಓದುವವರಿಗೂ ಕೆಲಸವಿದೆ. ನಾಳೆ ಆಸ್ಪತ್ರೆಯ ಸಾಫ್ಟ್‌ವೇರ್ ಬರೆಯುವವರು ನಾವೇ. ಅದರಲ್ಲಿ ಅಲರ್ಜಿಗೆ ಒಂದು ಕಾಲಂ ಇರುತ್ತದೆ. ಈ ರೋಗಿಯ ಜೊತೆ ಹೇಗೆ ಮಾತಾಡಬೇಕು ಅನ್ನುವುದಕ್ಕೂ ಒಂದು ಕಾಲಂ ಇಟ್ಟರೆ ಎಷ್ಟು ಕೋಡ್ ಹೆಚ್ಚಾಗುತ್ತದೆ? ಬ್ರಿಟನ್‌ನ ಆರೋಗ್ಯ ಸೇವೆಯ ದಾಖಲೆಗಳಲ್ಲಿ ಇಂಥ ಗುರುತು ಹಾಕುವ ವ್ಯವಸ್ಥೆ ಬಂದಿದೆ. ಹಾಳೆ ಗೆದ್ದಿತು ಅಂತ ನಾನು ಆ್ಯಪ್ ಬಿಟ್ಟಿಲ್ಲ. ಆದರೆ ಅದು ಯಾರ ಕೈಯಲ್ಲಿ, ಎಂಥ ಗಲಾಟೆಯ ನಡುವೆ ತೆರೆದುಕೊಳ್ಳಬೇಕು ಅಂತ ಈಗ ಗೊತ್ತಾಗಿದೆ.

ಮನೆಯಲ್ಲಿ ಆಟಿಸಂ ಇರುವ ತಮ್ಮ, ತಂಗಿ, ಅಣ್ಣ, ಅಕ್ಕ ಇದ್ದರೆ ಈ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಒಂದು ಹಾಳೆ ಬರೆಯಿರಿ. ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಿಲ್ಲದಿದ್ದರೆ ಮಾಡಿಸಿ. ಅದಿದ್ದರೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಮಾಡಿಸಬಹುದು. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ.

ಹೋದ ತಿಂಗಳು ಪುಟ್ಟನಿಗೆ ಜ್ವರ ಬಂತು. ಆಸ್ಪತ್ರೆಗೆ ಹೊರಟಾಗ ಅವನೇ ಫ್ರಿಜ್ ಮೇಲಿಂದ ಲ್ಯಾಮಿನೇಟ್ ಹಾಳೆ ತೆಗೆದುಕೊಂಡು ಕೈಯಲ್ಲಿ ಹಿಡಿದ. ಅಲ್ಲಿನ ಡ್ಯೂಟಿ ಡಾಕ್ಟರ್ ನಮ್ಮ ವಯಸ್ಸಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಹಾಳೆ ಓದಿದರು. ಮೈಯ ಚಿತ್ರವನ್ನು ಅವನ ಮುಂದಿಟ್ಟು, "ಎಲ್ಲಿ ನೋವು ಪುಟ್ಟಾ?" ಅಂದರು. "ಎಲ್ಲಿ ನೋವು ಪುಟ್ಟಾ" ಅಂದ ಅವನು. ಡಾಕ್ಟರ್ ಮತ್ತೆ ಕೇಳಲಿಲ್ಲ. ಸುಮ್ಮನೆ ಕಾದರು. ನಾನು ಮನಸ್ಸಿನಲ್ಲೇ ಎಣಿಸಿದೆ. ಏಳಕ್ಕೆ ಬರುವಷ್ಟರಲ್ಲಿ ಅವನ ಬೆರಳು ಮೆಲ್ಲಗೆ ಚಿತ್ರದ ಗಂಟಲ ಮೇಲೆ ಹೋಗಿ ನಿಂತಿತು.